ಗೋಡೆಯಿಂದ ನೇರವಾಗಿ

ಹಳೆಯ ಬನಿಯನ್ನಿನ ಚೂರಿನಿಂದ ಪ್ರೂಫಣ್ಣ ಕೇಬಲ್ ಒರೆಸುತ್ತಿದ್ದ. ಈ ತುದಿಯಿಂದ ಆ ತುದಿಗೆ, ಮತ್ತೆ ಅಲ್ಲಿಂದ ಇಲ್ಲಿಗೆ. ಬಟ್ಟೆ ಉಜ್ಜುವ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೇನೂ ಇರಲಿಲ್ಲ.

ಅವನು ಅಚ್ಚುಕೂಟದಲ್ಲಿ ಪ್ರೂಫ್, ಅಂದರೆ ಕರಡು ತಿದ್ದುವವನು. ನಿಜವಾದ ಹೆಸರು ಕೇಳುವಷ್ಟು ದೂರ ಯಾರ ಜೊತೆಗೂ ಮಾತು ಹೋಗಿರಲಿಲ್ಲ. ಮಹಡಿಯ ಮೇಲಿನ ಅವನ ಒಂಟಿ ಕೋಣೆಯಲ್ಲಿ ಬಹಳ ಕಾಲ ಆಸೆಪಟ್ಟು ಕೊಂಡ ಆಂಪ್ಲಿಫೈಯರ್, ಎರಡು ಸ್ಪೀಕರ್, ಈಗ ಕಪ್ಪು ಹೆಬ್ಬಾವಿನಂಥ ಈ ಹೊಸ ಕರೆಂಟಿನ ಕೇಬಲ್ ಇದ್ದವು. ಕೇಳಲು ಮಾತ್ರ ಅವನೊಬ್ಬನೇ. ನಿನ್ನೆ ಅಚ್ಚುಕೂಟದ ಬೈಂಡರ್, "ನಾಳೆ ರಜ ಅಲ್ವಾ, ಸಂಜೆ ಬಂದು ನಿಮ್ಮ ಹಾಡು ಕೇಳ್ತೀನಿ" ಅಂದಿದ್ದ. ಆ ಮಾತನ್ನು ಪ್ರೂಫಣ್ಣ ಮನಸ್ಸಿನಲ್ಲೇ ಮತ್ತೆ ಮತ್ತೆ ಓದಿ ನೋಡಿದ್ದ. ತಪ್ಪು ಸಿಕ್ಕಿರಲಿಲ್ಲ.

ತೊಂದರೆ ಒಂದೇ. ಗೋಡೆಯ ಪ್ಲಗ್ ಇದ್ದದ್ದು ಬಚ್ಚಲಿನ ಬಾಗಿಲ ಪಕ್ಕದಲ್ಲಿ. ಕೇಬಲ್ ಅಲ್ಲಿಗೆ ಒಂದು ಗೇಣು ಸಾಲದು. ಜೊತೆಗೆ ಬಂದ ಚೀಟಿಯಲ್ಲಿ ದಪ್ಪಕ್ಷರದಲ್ಲಿತ್ತು: ಎಕ್ಸ್‌ಟೆನ್ಷನ್ ಬಳಸಬೇಡಿ, ಗೋಡೆಯಿಂದಲೇ ನೇರವಾಗಿ ಕೊಡಿ. ಅಚ್ಚಾದ ಮಾತನ್ನು ಮೀರುವುದು ಪ್ರೂಫಣ್ಣನ ಕೈಲಾಗದ ಕೆಲಸ.

ಮೇಜು ಎಳೆದ ಸದ್ದಿಗೆ ಕೆಳಗಿನಿಂದ ಮನೆಯೊಡತಿ ಹತ್ತಿ ಬಂದರು. "ಏನಪ್ಪಾ, ಖಾಲಿ ಮಾಡ್ತಿದ್ದೀಯಾ?"

ಅವರ ಹಿಂದೆಯೇ ಎದುರಂಗಡಿಯ ಟೈಲರ್, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ. ವಿಷಯ ತಿಳಿದು ಓಡಿಹೋಗಿ ತನ್ನ ಎಕ್ಸ್‌ಟೆನ್ಷನ್ ಬಾಕ್ಸ್ ತಂದ. "ಎರಡು ಮಷಿನ್ನು, ಇಸ್ತ್ರಿಪೆಟ್ಟಿಗೆ, ಫ್ಯಾನು, ಎಲ್ಲಾ ಇದರಲ್ಲೇ. ಒಂದು ದಿನ ಮುಖ ಸಿಂಡರಿಸಿಲ್ಲ."

"ಹೊಲಿಗೆ ಬೇರೆ, ಸಂಗೀತ ಬೇರೆ," ಅಂದ ಪ್ರೂಫಣ್ಣ ಮೆಲ್ಲಗೆ. "ಗೋಡೆಯ ಕರೆಂಟು ಶುದ್ಧವಾಗಿರುತ್ತೆ."

"ಶುದ್ಧ ಅಂದ್ರೆ? ಸೋಸಿ ಬಿಡ್ತಾರಾ?"

ಬಾಕ್ಸ್ ಬೇಡ ಅಂದರೂ ಟೈಲರ್ ಹೋಗಲಿಲ್ಲ. ಕೇಳದೆಯೇ ಕೋಣೆಯ ಅಳತೆ ತೆಗೆದ. ಆಂಪ್ಲಿಫೈಯರ್ ಬಚ್ಚಲ ಬಾಗಿಲಿಗೆ ಅಡ್ಡ ಬಂತು. ಸ್ಪೀಕರಿಗೆ ಜಾಗ ಬೇಕೆಂದು ಮಂಚ ಗೋಡೆಗೊರಗಿ ಎದ್ದು ನಿಂತಿತು. ಒಂದು ಸ್ಪೀಕರ್ ದಾರಿಯಲ್ಲಿ ಪ್ರೂಫಣ್ಣನ ಹೆಬ್ಬೆರಳ ಮೇಲೆ ವಿಶ್ರಾಂತಿ ತೆಗೆದುಕೊಂಡಿತು. ಸಂಜೆಯ ಹೊತ್ತಿಗೆ ಕೋಣೆ ಸಂಗೀತಕ್ಕೆ ಸಜ್ಜಾಗಿ, ಮನುಷ್ಯರಿಗೆ ಜಾಗವಿಲ್ಲದಂತಾಯಿತು.

ಬೈಂಡರ್ ಬಂದ. ಬೋರಲು ಹಾಕಿದ ಬಕೆಟ್ಟಿನ ಮೇಲೆ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತ.

"ಆರಾಮಾಗಿದೀರಾ?"

"ಇದೀನಿ ಅಂತ ಬರ್ಕೊಳ್ಳಿ ಪ್ರೂಫಣ್ಣ."

ಕೊಳಲು ಶುರುವಾಯಿತು. ಬೈಂಡರ್ ಕಣ್ಣು ಮುಚ್ಚಿದ. ಪ್ರೂಫಣ್ಣ ಹಾಡು ಕೇಳಲಿಲ್ಲ, ಆ ಮುಖವನ್ನೇ ನೋಡುತ್ತಿದ್ದ. ತಾನು ಕೇಳುವುದನ್ನು ಇನ್ನೊಬ್ಬರೂ ಕೇಳುತ್ತಿದ್ದಾರೆ.

ಕೊಳಲು ಉಸಿರು ತೆಗೆದುಕೊಂಡಿತು, ಮತ್ತೆ ಬಿಡಲಿಲ್ಲ. ದೀಪವೂ ಹೋಯಿತು.

ಬಾಗಿಲಲ್ಲಿ ನಿಂತಿದ್ದ ಟೈಲರ್ ಬೀದಿ ನೋಡಿದ. "ನನ್ನಂಗಡೀಲಿ ಕರೆಂಟು ಇದೆಯಲ್ಲ." ಗೋಡೆಯ ಪ್ಲಗ್ಗಿನಿಂದ ಹೊರಟ ವೈರಿನ ಜಾಡು ಹಿಡಿದ. ವೈರು ಗೋಡೆ ಹತ್ತಿ, ಕಿಟಕಿ ದಾಟಿ, ನೀರಿನ ಪೈಪಿನ ಜೊತೆ ಕೆಳಗಿಳಿದಿತ್ತು. ಅವನೂ ಮೆಟ್ಟಿಲಿಳಿದ. ಸ್ವಲ್ಪ ಹೊತ್ತಿಗೆ ಅವನ ದನಿ ಕೇಳಿತು.

"ಪ್ರೂಫಣ್ಣಾ, ನಿಮ್ಮ ಗೋಡೆ ಇಲ್ಲಿದೆ, ಬನ್ನಿ."

ಮನೆಯೊಡತಿಯ ಅಡುಗೆಮನೆ. ಟೇಪು ಸುತ್ತಿದ ಹಳೆಯ ಎಕ್ಸ್‌ಟೆನ್ಷನ್ ಬಾಕ್ಸು. ಒಂದು ತೂತಿನಲ್ಲಿ ಫ್ರಿಜ್ಜು, ಇನ್ನೊಂದರಲ್ಲಿ ಕೆಟಲ್ಲು. ಮಹಡಿಯ ಕೋಣೆಯಿಂದ ಇಳಿದು ಬಂದ ವೈರಿನ ಪ್ಲಗ್ ನೆಲದ ಮೇಲೆ ಬಿದ್ದಿತ್ತು.

"ನಿಮ್ಮವರು ಬಂದಿದ್ದಾರಲ್ಲ, ಟೀ ಕಾಯಿಸೋಣ ಅಂತ ಕಿತ್ತೆ," ಅಂದರು ಅವರು. "ಕೋಣೆ ಕಟ್ಟಿದಾಗಿನಿಂದ ಹೀಗೇ ಅಲ್ವಾ. ಇಷ್ಟು ದಿನ ಚೆನ್ನಾಗೇ ಹಾಡ್ತಿತ್ತಲ್ಲಪ್ಪ."

ಪ್ರೂಫಣ್ಣನ ಹಿಂದೆಯೇ ಇಳಿದು ಬಂದಿದ್ದ ಬೈಂಡರ್ ಕೆಮ್ಮು ಬರುವಷ್ಟು ನಕ್ಕ. ಆಮೇಲೆ ಅಲ್ಲಿದ್ದ ಕುರ್ಚಿಯಲ್ಲಿ ಕಾಲು ಚಾಚಿ ಕೂತ. "ಟೀ ಕುಡಿದು ಬರ್ತೀನಿ, ನೀವು ನಡೀರಿ."

ಪ್ರೂಫಣ್ಣ ಮೇಲೆ ಬಂದು ಬಕೆಟ್ಟಿನ ಮೇಲೆ ಕೂತ. ಕತ್ತಲು. ಕೆಳಗೆ ಲೋಟಗಳ ಸದ್ದು, ಟೈಲರನ ಯಾವುದೋ ಜೋಕು. ಆಮೇಲೆ ಮನೆಯೊಡತಿಯ ರೇಡಿಯೋ ಗೊರಗೊರ ಅಂದು ಹಾಡತೊಡಗಿತು.

"ಎಷ್ಟು ಇಂಪಾಗಿದೆ ನೋಡಿ," ಅಂದ ಬೈಂಡರ್. "ಸ್ವಲ್ಪ ಜೋರು ಮಾಡಿ."

ಪ್ರೂಫಣ್ಣ ಮೆಟ್ಟಿಲ ತುದಿಗೆ ಬಂದು ನಿಂತ. "ಅಮ್ಮಾ," ಅಂದ. ಕಾದ. ರೇಡಿಯೋ ಜೋರಾಯಿತು.

"ಅಮ್ಮಾ, ಆ ಪ್ಲಗ್ ಸ್ವಲ್ಪ ಹಾಕ್ತೀರಾ?"