ಅಜ್ಜಿಯ ಮುಂಗೈಯೂ ನನ್ನ ಫಸ್ಟ್ ಏಡೂ

ಪಟ ಪಟ ಝಣ್. ಪಟ ಪಟ ಝಣ್. ಯಲಬುರ್ಗಾದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಹೀಗೆ. ಪಟ ಪಟ ಅಜ್ಜಿ ಬಡಿಯುವ ಜೋಳದ ರೊಟ್ಟಿಯದು, ಝಣ್ ಅವಳ ಹಸಿರು ಗಾಜಿನ ಬಳೆಗಳದು. ಆಗಿನ್ನೂ ನಿಜಾಮರ ಕಾಲ. ಸಿಕಂದರಾಬಾದಿನ ಕಾನ್ವೆಂಟಿನಿಂದ ನಾನು ರಜೆಗೆ ಬಂದಿದ್ದೆ, ತಲೆಯ ತುಂಬ ಫಸ್ಟ್ ಏಡ್ ಹೊತ್ತುಕೊಂಡು. ಒಬ್ಬ ಪೇಷಂಟ್ ಸಿಕ್ಕರೆ ಸಾಕಿತ್ತು.

ಒಂದು ಬೆಳಿಗ್ಗೆ ಝಣ್ ಕೇಳಿಸಲಿಲ್ಲ. ಒಲೆಗೆ ಕುಳ್ಳು ತರಲು ಹೋದ ಅಜ್ಜಿಯ ಮುಂಗೈಗೆ ಕಡಜ ಕಚ್ಚಿತ್ತು. ಮುಪ್ಪಿನ ತೆಳು ಚರ್ಮ, ನೋಡನೋಡುತ್ತ ಕೆಂಪಾಗಿ ಉಬ್ಬತೊಡಗಿತು.

"ತಣ್ಣೀರಿನ ಅರಿಬಿ ಸುತ್ತಿದ್ರ ಇಳೀತೈತಿ ಬಿಡವ್ವಾ," ಎಂದಳು.

"ಅಜ್ಜಿ, ದಟ್ ಈಸ್ ನಾಟ್ ಸೈಂಟಿಫಿಕ್," ಎಂದು ಘೋಷಿಸಿದೆ.

ನಮ್ಮ ಸಿಸ್ಟರ್ ಕಲಿಸಿದ್ದು ಬ್ರೆಡ್ ಪೌಲ್ಟಿಸ್. ಬಿಸಿ ಹಾಲಿನಲ್ಲಿ ಬ್ರೆಡ್ ಕಿವುಚಿ, ಬಟ್ಟೆಯಲ್ಲಿ ಕಟ್ಟುವುದು. ಅದು ಕುರುವಿಗೆ ಮಾತ್ರ ಎಂಬ ಸಣ್ಣ ಡೀಟೇಲ್ ಮರೆತುಹೋಗಿತ್ತು. ಯಲಬುರ್ಗಾದಲ್ಲಿ ಬ್ರೆಡ್ ಎಲ್ಲಿಯದು? ನಿನ್ನೆಯ ರೊಟ್ಟಿ ಇತ್ತು. ಹಾಲಿಗೆ ಯಾರೋ ಬೆಲ್ಲ ಹಾಕಿಟ್ಟಿದ್ದರು. ಇರಲಿ, ಎಂದುಕೊಂಡೆ.

"ಕೈಗೆ ಊಟಾ ಮಾಡಸಾಕತ್ತಿಯೇನವ್ವಾ?" ಎಂದಳು ಅಜ್ಜಿ, ಬಿಸಿಗೆ ಮುಖ ಕಿವುಚುತ್ತ. ಆದರೂ ಮೊಮ್ಮಗಳ ಸಾಲಿ ಓದಿನ ಮೇಲೆ ಅವಳಿಗೆ ಭಾರಿ ಅಭಿಮಾನ. ಕೈ ಹಿಂದೆಗೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗೋಡೆಯ ಬುಡದಿಂದ ಇರುವೆಗಳು ಹೊರಟವು. ಪೌಲ್ಟಿಸ್ ಅವಕ್ಕೆ ಬಹಳ ಹಿಡಿಸಿತು. ಒಂದು ಕಡಿತದ ಪೇಷಂಟನ್ನು ನಾನು ನೂರು ಕಡಿತದ ಪೇಷಂಟ್ ಮಾಡಿದ್ದೆ!

ಬಿಚ್ಚಿ ನೋಡಿದರೆ ಕೈ ಸುಟ್ಟ ಬದನೆಕಾಯಿಯಂತಾಗಿತ್ತು. ಬಳೆಗಳು ಬಾವಿನೊಳಗೆ ಹೂತುಹೋಗಿದ್ದವು. ಬೆರಳು ಜೋಮು ಹಿಡಿಯುತ್ತಿವೆ ಎಂದಳು. ಕೈ ಊದುವ ಮೊದಲೇ ಬಳೆ ತೆಗೆಯಬೇಕು ಎಂಬುದು ಲೆಸನ್ನಿನ ಮೊದಲ ಸಾಲು. ಅದು ಈಗ ನೆನಪಾಯಿತು. ಅಡಕೊತ್ತು ಹಿಡಿದು ಬಂದೆ.

"ಅಜ್ಜಿ, ಒಡೆಯಲೇಬೇಕು."

ಅಜ್ಜಿ ಕೈಯನ್ನು ಸೆರಗಿನೊಳಗೆ ಸೇರಿಸಿದಳು. ಗಂಡನಿರುವಾಗ ಬಳೆ ಒಡೆಸಿಕೊಳ್ಳುವುದುಂಟೆ? "ನಿಮ್ಮಜ್ಜಾರು ಅಲ್ಲೇ ಕಟ್ಟಿ ಮ್ಯಾಲ ಕುಂತಾರ. ಕೈ ಹೋದ್ರ ಹೋಗ್ಲಿ, ಬಳಿ ಮುಟ್ಟಬ್ಯಾಡ."

ಗದ್ದಲ ಕೇಳಿ ಅಜ್ಜ ಒಳಗೆ ಬಂದರು. "ಒಡೀಲಿ ಬಿಡ. ನಾ ಅಷ್ಟು ಲಗೂನ ಸಾಯಾಂವಲ್ಲ."

"ನಿಮ್ಮನ್ನ ಯಾರು ಕೇಳ್ಯಾರ್ರೀ?"

ಕುಡಿಯುವ ನೀರನ್ನೂ ಎಂದೂ ತಾವೇ ತೆಗೆದುಕೊಂಡವರಲ್ಲ ಅಜ್ಜ. ಅಂದು ಕೊಡದ ತಣ್ಣೀರಿನಲ್ಲಿ ತಮ್ಮ ಶಲ್ಯ ಅದ್ದಿ ಅವಳ ಪಕ್ಕ ಕುಳಿತರು. ತಲೆಯ ರುಮಾಲು ಬಿಚ್ಚಿ ಮಡಿಚಿ ದಿಂಬು ಮಾಡಿ, ಕೈಯನ್ನು ಎತ್ತರಕ್ಕೆ ಇಟ್ಟರು. ಶಲ್ಯ ಬೆಚ್ಚಗಾದಾಗಲೆಲ್ಲ ಮತ್ತೆ ಅದ್ದಿದರು. "ಕೆರಕೊಂಡಿ ಅಂದ್ರ ನೋಡು," ಎಂದು ಗದರಿದರು. ನನ್ನನ್ನು ಇಬ್ಬರೂ ಮರೆತಿದ್ದರು.

ಸಂಜೆಗೆ ಬಾವು ಇಳಿಯಿತು. ನಾನು ಜೋಪಾನವಾಗಿಟ್ಟಿದ್ದ ಸೆಂಟೆಡ್ ಸೋಪು ಹಚ್ಚಿ ಅಜ್ಜ ಬಳೆಗಳನ್ನು ಒಂದೊಂದಾಗಿ ಜಾರಿಸಿದರು. ಒಂದೂ ಒಡೆಯಲಿಲ್ಲ. ಎಲ್ಲವನ್ನೂ ನೆಲಕ್ಕೆ ಹಾಸಿದ್ದ ಕೌದಿಯ ಮೇಲಿಟ್ಟರು. ಅಜ್ಜಿಯ ಕಣ್ಣಲ್ಲಿ ನೀರು. ನನಗೂ ಜೀವ ಬಂದಂತಾಗಿ, "ಥ್ಯಾಂಕ್ ಗಾಡ್," ಎನ್ನುತ್ತ ಕುಳಿತೆ.

ಕೌದಿಯ ಮೇಲೆ.

ಚಟ್ ಚಟ್!

ಅಜ್ಜಿ ಗಾಬರಿಯಿಂದ ಅಜ್ಜನ ಮುಖ ನೋಡಿದಳು. ಅಜ್ಜ ಒಮ್ಮೆ ಕೆಮ್ಮಿದರು.

"ಇನ್ನೂ ಅದೀನಿ," ಎಂದರು.

ಅಜ್ಜಿ ಸೆರಗು ಬಾಯಿಗೊತ್ತಿ ನಗತೊಡಗಿದಳು.

ಅಜ್ಜ ಇನ್ನೂ ಬಹಳ ವರ್ಷ ಇದ್ದರು. ಅಜ್ಜಿಯೇ ಮೊದಲು ಹೋದಳು, ತಾನು ಬಯಸಿದಂತೆ ಕೈತುಂಬ ಬಳೆಯಿಟ್ಟುಕೊಂಡು. ಅವಳನ್ನು ಕಡೆಯ ಸಲ ಕಂಡದ್ದು ನಾನು ಗಂಡನ ಮನೆಗೆ ಹೊರಟ ದಿನ. ಬಾಗಿಲಲ್ಲಿ ನಿಂತು ಕೈ ಎತ್ತಿದಳು. ಮುಂಗೈಯ ಮೇಲೆ ಕೆಂಪು ದದ್ದು.

"ಅಜ್ಜಿ, ಏನದು? ತಡಿ, ಬಂದೆ," ಎಂದು ಗಾಡಿಯಿಂದ ಒಂದು ಕಾಲು ಇಳಿಸಿದೆ.

ಅಜ್ಜಿ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. "ಗಾಡಿ ಹೊಡಿಯಪ್ಪಾ, ಲಗೂನ ಹೊಡಿ," ಎಂದಳು.

ಸೆರಗಿನೊಳಗಿಂದ ಝಣ್ ಎಂದಿತು.