ಸರೋವರತೀರದ ಮತ್ಸ್ಯಶಿರಸ್ಸಮರ

ಇದನ್ನು ಹೇಳಹೊರಟ ನನ್ನ ಧಾರ್ಷ್ಟ್ಯವನ್ನು ಬಲ್ಲವರು ಮನ್ನಿಸಬೇಕು. ಹಗಲು ದುಡಿದು ಸಂಜೆ ತರಗತಿಯಲ್ಲಿ ಕಲಿತ ಕನ್ನಡವಿದು. ಇಷ್ಟು ದೊಡ್ಡ ಸಮರದ ಭಾರಕ್ಕೆ ಅಲ್ಲಲ್ಲಿ ಬಿರುಕು ಬಿಟ್ಟೀತು.

ಎಲೈ ಕಾಲಪುರುಷನೇ, ಕೇಳು! ಮಾನವರು ಲೋಹವಿಹಂಗಗಳ ಉದರದಲ್ಲಿ ಕುಳಿತು ಸಪ್ತಸಾಗರಗಳನ್ನು ದಾಟುವ ಈ ಯುಗದಲ್ಲಿ, ಗಂಗೊಳ್ಳಿಯೆಂಬ ಕಡಲತಡಿಯ ಊರಿನಲ್ಲಿ, ಬಂಗುಡೆಕುಲಕಾಲಾಂತಕನೂ (ಈ ಸಮಾಸ ಸರಿಯೋ ತಿಳಿಯದು) ತರಂಗತಾಡಿತವಿಶಾಲವಕ್ಷಸ್ಥಲನೂ ಆದ ಹೆರಿಯಣ್ಣನೆಂಬ ದೋಣಿಯೊಡೆಯನಿದ್ದನು. ಅವನ ಪತ್ನಿ ಮುಕ್ತಳ ತಮ್ಮ, ಅದೇ ಮನೆಯ ವಾಸಿ ವಸಂತನೂ ಶೌರ್ಯದಲ್ಲಿ ಕಡಿಮೆಯವನಲ್ಲ. ಭಾನುವಾರದ ಸಾರಿನಲ್ಲಿ ಮೀನಿನ ತಲೆ ಒಂದೇ, ಅದನ್ನು ಬಯಸುವ ವೀರರು ಇಬ್ಬರು, ಬಡಿಸುವವಳು ಮುಕ್ತ. ಈ ವೈರವೇ ಮೂವರೊಡನೆ ಲೋಹವಿಹಂಗವನ್ನೂ ಆಮೇಲೆ ಪ್ರವಾಸದ ಬಸ್ಸನ್ನೂ ಏರಿ, ಜಪಾನಿನ ಸರೋವರವೊಂದರ ತೀರದಲ್ಲಿದ್ದ ತಲೆತಲಾಂತರದ ಸುಶಿಶಾಲೆಗೂ ಬಂದಿತು.

ಅಲ್ಲಿಯ ಸುಶಿ ಈಗಿನದಲ್ಲ, ಪುರಾತನ ಕ್ರಮದ್ದು. ಸರೋವರದ ಮೀನಿಗೆ ಉಪ್ಪು ತುಂಬಿ, ಅನ್ನದೊಳಗೆ ಹೂತು, ಮೇಲೆ ಕಲ್ಲು ಹೇರಿ, ವರ್ಷಗಟ್ಟಲೆ ಹುಳಿಸಿದ್ದು. ಮುದುಕಿ ಒಡತಿ ತಟ್ಟೆಗಳನ್ನಿಟ್ಟು ಮುಚ್ಚಳ ತೆಗೆದೊಡನೆ, ಅಷ್ಟದಿಗ್ಗಜಗಳೂ ಸೊಂಡಿಲು ಸುರುಟಿಕೊಳ್ಳುವಂಥ ಗಂಧವೊಂದು ಎದ್ದಿತು.

ಹೆರಿಯಣ್ಣನು ಗರ್ಜಿಸಿದನು: “ಹ್ವಾಯ್ ವಸಂತ! ಕಡಲಂಗೆ ಬೆಳ್ದವ ನಾನ್. ಮೂಗ್ ಮುರೀದೆ ಇದನ್ನ್ ತಿಂದವ್ನಿಗೇ ಇನ್ಮೇಲೆ ಮನಿ ಮೀನಿನ್ ತಲಿ. ಆಯ್ತಾ?”

“ಆಯ್ತ್ ಭಾವ. ಹಿರಿಯರ್ ನೀವ್, ನೀವೇ ಶುರು ಮಾಡಿ.”

“ನೀ ಸಣ್ಣವ, ಹಸಿವ್ ಜಾಸ್ತಿ. ನೀನೇ ತಿನ್ನ್.”

“ಅದಿರ್ಲಿ, ಕರ್ಚೀಫ್ ಎಂತಕೆ ಮೂಗಿಗ್ ಹಿಡ್ಕಂಡದ್ದ್?”

“ಸೆಕಿ ಮಾರಾಯಾ!”

ಹೊರಗೆ ಹಿಮ ಬೀಳುತ್ತಿತ್ತು.

ವಾಗ್ಬಾಣಗಳು ಹಾರಿದವು. ಒಬ್ಬನು ತುಫಾನಿನಲ್ಲಿ ದೋಣಿ ನಡೆಸಿದ ತಂದೆಯನ್ನು ಸ್ಮರಿಸಿದನು. ಇನ್ನೊಬ್ಬನು ತಾನು ಬರಿಗೈಯಲ್ಲಿ ಹಿಡಿದ, ಬಾಲದಲ್ಲಿ ವಿಷಮುಳ್ಳಿನ ತೊರಕೆ ಮೀನನ್ನು ವರ್ಣಿಸಿದನು. ಖಡ್ಗಗಳಂತೆ ಎತ್ತಿದ ಊಟದ ಕಡ್ಡಿಗಳು ಗಾಳಿಯನ್ನೇ ಇರಿದವು. ಕೊನೆಗೆ, ಮಾನವೇ ಪ್ರಾಣವೆಂದು ನಿಶ್ಚಯಿಸಿ, ಇಬ್ಬರೂ ಕಣ್ಣು ಮುಚ್ಚಿ ಕಡ್ಡಿ ಇಳಿಸಿದರು. ಟಕ್ ಎಂದಿತು. ತಟ್ಟೆಗಳು ಬರಿದಾಗಿದ್ದವು.

ಎದುರಿಗೆ ಕುಳಿತಿದ್ದ ಮುಕ್ತ ಬಾಯಿ ಒರೆಸಿಕೊಂಡಳು. “ನಿಮ್ಮಿಬ್ರ್ ಮಾತ್ ಮುಗಿಲಿಲ್ಲ. ಮೀನ್ ಮುಗೀತ್.”

ಒಡತಿ ಇದನ್ನೆಲ್ಲ ನೋಡುತ್ತಿದ್ದವಳು, ಮುಕ್ತಳಿಗೆ ತಲೆಬಾಗಿ, ಹಬೆಯಾಡುವ ಬಟ್ಟಲೊಂದನ್ನು ಅವಳ ಮುಂದೆಯೇ ಇಟ್ಟಳು. ಉಂಡು ಮುಗಿಸಿದವರಿಗೆ ಬಿಸಿನೀರು ಹುಯ್ದು ಕೊಡುವ ಆ ಬಟ್ಟಲಿನಲ್ಲಿದ್ದದ್ದು ಮೀನಿನ ತಲೆ. ಮುಕ್ತ ಅದನ್ನು ಸಾವಕಾಶವಾಗಿ, ಕಣ್ಣಿನ ಸಮೇತ ಚೀಪಿದಳು.

“ಹ್ಯಾಂಗಿತ್ತೇ?” ಹೆರಿಯಣ್ಣನ ಗರ್ಜನೆ ಪಿಸುಮಾತಾಗಿತ್ತು.

“ನಮ್ಮನಿ ಮೀನಿನ್ ತಲಿ ನಾನ್ ಯಾವತ್ತಾರೂ ತಿಂದಿದ್ರೆ ಅಲ್ದಾ, ಹೋಲ್ಸಿ ಹೇಳುದ್?”

ನಡೆದದ್ದು ಇಷ್ಟೇ. ಮೂವರು ಊಟಕ್ಕೆ ಹೋದರು, ಒಬ್ಬಳು ಉಂಡಳು. ವೀರರಿಬ್ಬರೂ ಬಸ್ಸಿನಲ್ಲಿ ಬಿಸ್ಕತ್ತು ತಿಂದರು. ಊರಿಗೆ ಮರಳಿದ ಮೇಲೆ ಭಾನುವಾರದ ತಲೆ ಯಾರ ಬಟ್ಟಲಿಗೆ ಬಿತ್ತೋ ನನಗೆ ಗೊತ್ತಿಲ್ಲ.