ಚಾದಲ್ಲಿ ಹೋತ

ಮನೆಯಲ್ಲಿ ಏನಾದರೂ ಕೆಟ್ಟಾಗ ಸರಿಮಾಡಲು ಬಾರದವರಲ್ಲಿ ಎರಡು ಬಗೆ. ತನಗೆ ಬಾರದು ಎಂದು ಒಪ್ಪಿಕೊಂಡು ಸುಮ್ಮನಿರುವವರು ಒಂದು ಬಗೆ. ಒಪ್ಪದೆ ಎಲ್ಲವನ್ನೂ ಬಿಚ್ಚಿ ಅಂಗಳದಲ್ಲಿ ಹರಡಿಕೊಂಡು ಕೂರುವವರು ಇನ್ನೊಂದು. ನಾನು ಈ ಎರಡನೆಯ ಪಂಗಡದವನು. ಇದಕ್ಕೆಲ್ಲ ಮೂಲ ನನ್ನ ನೌಕರಿ. ಕಾರ್ಕಳದ ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿ ಬಾಟಲಿ ತೊಳೆದು, ಚೀಟಿ ಅಂಟಿಸಿ ನಿವೃತ್ತನಾದವನು ನಾನು. ವಿಜ್ಞಾನದ ಪಕ್ಕದಲ್ಲಿ ಅಷ್ಟು ವರ್ಷ ನಿಂತವನಿಗೆ ತಾನೂ ಅರ್ಧ ವಿಜ್ಞಾನಿ ಎಂಬ ಭ್ರಮೆ ಬರುತ್ತದೆ. ಕಾಪುವಿನ ಹತ್ತಿರ ಹತ್ತು ಸೆಂಟ್ಸ್ ಜಾಗದ ಮನೆಗೆ ಬಂದು ನೆಲೆಸಿದ ಮೇಲೂ ಆ ಭ್ರಮೆ ನನ್ನನ್ನು ಬಿಡಲಿಲ್ಲ.

ಮಣಿಪಾಲದಲ್ಲಿ ಹೊಟ್ಟೆಯ ಆಪರೇಷನ್ ಆದ ಮೇಲೆ ನನ್ನ ಹೆಂಡತಿ ಲಿಲ್ಲಿಗೆ ಹಸುವಿನ ಹಾಲು ಹಿಡಿಸದಾಯಿತು. ಕುಡಿದರೆ ಹೊಟ್ಟೆ ಉಬ್ಬರ, ಬಿಟ್ಟರೆ ಚಾ ಇಲ್ಲ. ಚಾ ಇಲ್ಲದ ಲಿಲ್ಲಿಯನ್ನು ಮದುವೆಯಾದಂದಿನಿಂದ ನಾನು ಕಂಡವನಲ್ಲ. ಅನ್ನ ಎರಡು ತುತ್ತಿಗೆ ಇಳಿದಿತ್ತು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಆಡಿನ ಹಾಲು ಕೊಟ್ಟು ನೋಡಿ ಎಂದು ನೆರೆಯ ವಾಸು ಪೂಜಾರಿ ಹೇಳಿದ್ದರಿಂದ ಗಬ್ಬದ ಆಡೊಂದನ್ನು ತಂದೆವು. ಅದು ಎರಡು ಮರಿ ಹಾಕಿತು. ಹೆಣ್ಣನ್ನು ಹತ್ತಿರ ಸೇರಿಸಿ ಗಂಡನ್ನು ಒದ್ದು ಓಡಿಸಿತು. ಆ ಗಂಡುಮರಿಯನ್ನು ಬಾಟಲಿಯಲ್ಲಿ ಹಾಲು ಕುಡಿಸಿ ನಾನು ಸಾಕಿದೆ. ಬಾಬ್ ಎಂದು ಕರೆದೆ. ಮನೆಯ ಚಿಕ್ಕ ಗಂಡುಮಕ್ಕಳನ್ನು ನಾವು ಕೊಂಕಣಿಯಲ್ಲಿ ಕರೆಯುವುದು ಹಾಗೆ. ನಮಗೆ ಮಕ್ಕಳಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಆಡಿನ ಹಾಲಿನ ಚಾ ಲಿಲ್ಲಿಗೆ ಹಿಡಿಸಿತು. ಮುಖದಲ್ಲಿ ಸ್ವಲ್ಪ ಬಣ್ಣ ಬಂತು, ನನ್ನನ್ನು ಬೈಯುವಷ್ಟು ತ್ರಾಣವೂ ಬಂತು. ಬಾಬ್ ನನ್ನ ಹಿಂದೆಯೇ ತಿರುಗುತ್ತ ಬೆಳೆದ. "ಪೊರ್ಬುಗಳೇ, ಇವನ ಬೀಜ ಒಡೆಸಿಬಿಡಿ, ಇಲ್ಲದಿದ್ದರೆ ಮತ್ತೆ ನಾತ ಹೊಡೀತದೆ" ಎಂದು ವಾಸು, ತುಳುವರು ನಮ್ಮ ಕ್ರಿಸ್ತುವರನ್ನು ಕರೆಯುವ ಹೆಸರಿನಿಂದಲೇ ಕರೆದು, ಎಚ್ಚರಿಸಿದ್ದ. ಇವತ್ತು ಮಳೆ, ನಾಳೆ ಶುಕ್ರವಾರ ಎಂದು ನಾನೇ ಮುಂದೂಡುತ್ತ ಹೋದೆ. ಏಳು ತಿಂಗಳಾಗುವಾಗ ಬಾಬ್ ಪೂರ್ತಿ ಹೋತನಾದ. ಹೋತಗಳು ತಮ್ಮ ಗಡ್ಡಕ್ಕೆ ತಾವೇ ಅತ್ತರು ಸಿಂಪಡಿಸಿಕೊಳ್ಳುವ ರೀತಿ ಇಲ್ಲಿ ಬರೆಯುವಂಥದ್ದಲ್ಲ.

ಒಂದು ಬೆಳಿಗ್ಗೆ ಲಿಲ್ಲಿ ಲೋಟ ಕೆಳಗಿಟ್ಟು, "ಚಾದಲ್ಲಿ ಹೋತ ಉಂಟು" ಎಂದಳು. ನನ್ನೊಳಗಿನ ವಿಜ್ಞಾನಿ ಎದ್ದು ನಿಂತ. ಅಲ್ಯೂಮಿನಿಯಂ ಪಾತ್ರೆ ಬದಲಿಸಿ ಸ್ಟೀಲಿನದು ತಂದೆ, ಅದನ್ನು ಕುದಿಯುವ ನೀರಿನಲ್ಲಿ ತೊಳೆದೆ. ಕೆಚ್ಚಲು ಒರೆಸಿದೆ. ಕರೆದ ಹಾಲನ್ನು ಕೂಡಲೇ ತಣ್ಣೀರಿನಲ್ಲಿ ಇಟ್ಟೆ. ಒಂದೊಂದೇ ಸೊಪ್ಪು ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ಬರೆದೆ: "ಮೇವು, ಹಲಸಿನ ಸೊಪ್ಪು. ಫಲಿತಾಂಶ, ಹೋತ." ಮರುದಿನ: "ಮೇವು, ಬರೇ ಹುಲ್ಲು. ಫಲಿತಾಂಶ, ಹೋತ. ಆಡಿಗೆ ನನ್ನ ಮೇಲೆ ಸಿಟ್ಟು." ನನಗಂತೂ ಯಾವ ವಾಸನೆಯೂ ಗೊತ್ತಾಗುತ್ತಿರಲಿಲ್ಲ. ಬಾಬ್‌ನ ಜತೆಗಿದ್ದು ನನ್ನ ಮೂಗು ಆ ಮನೆತನಕ್ಕೇ ಸೇರಿಹೋಗಿತ್ತು. ಪ್ರತಿ ಪ್ರಯೋಗಕ್ಕೂ ಲಿಲ್ಲಿ ಪಾಪ ಒಂದು ಗುಟುಕು ಕುಡಿದು ತಲೆಯಾಡಿಸುವಳು. ಕೊನೆಗೆ ಚಾ ಬೇಡವೇ ಬೇಡ ಎಂದಳು. ಬಳೆ ಪುನಃ ಜಾರತೊಡಗಿತು. ನನಗೆ ಹೆದರಿಕೆಯಾಯಿತು.

ಪಶುವೈದ್ಯೆ ಬಂದು ನೋಡಿದರು. "ಕೆಚ್ಚಲು ಸರಿ ಉಂಟು. ಮನೆಯಲ್ಲಿ ಹೋತ ಉಂಟಲ್ಲ, ಅದನ್ನು ದೂರ ಇಡಿ. ಹಾಲು ಎಲ್ಲ ವಾಸನೆ ಎಳೆದುಕೊಳ್ತದೆ" ಎಂದರು. ಹತ್ತು ಸೆಂಟ್ಸಿನಲ್ಲಿ ದೂರ ಎಂದರೆ ಎಷ್ಟು ದೂರ? ಹಿಂದಿನ ಕಂಪೌಂಡಿನ ಮೂಲೆಯಲ್ಲಿ ಕಟ್ಟಿದರೂ ಹಾಲು ಸರಿಯಾಗಲಿಲ್ಲ. ಅವನನ್ನು ಕೊಟ್ಟುಬಿಡಿ ಎಂದು ಲಿಲ್ಲಿ ಒಮ್ಮೆಯೂ ಹೇಳಲಿಲ್ಲ. ಆ ತೀರ್ಮಾನ ನನ್ನದೇ. ಕಾರ್ಕಳದ ಆಚೆಯಿಂದ ಒಬ್ಬ ಪಿಕಪ್ ತಂದ. "ಸಾಕಲಿಕ್ಕೆ ಸಾರ್, ನನ್ನಲ್ಲಿ ಹೆಣ್ಣಾಡು ತುಂಬ ಉಂಟು" ಎಂದ. ನಂಬುವುದು ನನಗೆ ಅನುಕೂಲವಾಗಿತ್ತು, ನಂಬಿದೆ. ಹಗ್ಗ ಎಳೆದರೆ ಬಾಬ್ ಹತ್ತಲಿಲ್ಲ. ಮೊದಲು ನಾನು ಹತ್ತಿದೆ, ಅವನು ನನ್ನ ಹಿಂದೆಯೇ ಹಾರಿ ಬಂದ. ನಾನು ಇನ್ನೊಂದು ಬದಿಯಿಂದ ಇಳಿದೆ.

ಮರುದಿನವೇ ಹಾಲು ಶುದ್ಧವಾಯಿತು. ಲಿಲ್ಲಿ ಎರಡು ಲೋಟ ಚಾ ಕುಡಿದಳು. ನೋಟ್‌ಬುಕ್ಕಿನಲ್ಲಿ "ಕಾರಣ ಸಿಕ್ಕಿತು" ಎಂದು ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ಅಂಗಳ ಮಾತ್ರ ಬಣಬಣ ಎನ್ನುತ್ತಿತ್ತು.

ಮೂರು ವಾರ ಕಳೆದಿರಬೇಕು. ಏಣಿ ಹಿಂದಿರುಗಿಸಲು ಗದ್ದೆ ದಾಟಿ ವಾಸುವಿನ ಮನೆಗೆ ಹೋಗಿದ್ದೆ. ಅವನ ಹಟ್ಟಿಯಲ್ಲೂ ಒಂದು ಹೋತ ಉಂಟು. ಅದು ತಲೆ ಮುಂದೆ ಚಾಚಿತು, ನನ್ನ ಕೈ ತಾನಾಗಿ ಅದರ ಕೊಂಬುಗಳ ನಡುವೆ ಹೋಯಿತು. ಬಹಳ ಹೊತ್ತು ತುರಿಸಿದೆ. ಮನೆಗೆ ಬಂದು ಪಾತ್ರೆಗೆ ಬಿಸಿನೀರು ಹೊಯ್ದು, ಕೆಚ್ಚಲು ಒರೆಸಿ ಹಾಲು ಕರೆದೆ. ಸಂಜೆ ಲಿಲ್ಲಿ ಲೋಟ ಕೆಳಗಿಟ್ಟಳು.

"ಪುನಃ ಹೋತ."

"ಎಲ್ಲಿಂದ ಬರುವುದು? ಅವನೇ ಇಲ್ವಲ್ಲ!"

"ನಿಮ್ಮ ಕೈ ತನ್ನಿ ನೋಡುವ" ಎಂದಳು. ಮೂಸಿದಳು. ಆಮೇಲೆ ಕೈಯನ್ನು ಬಿಡದೆ ಹಿಡಿದುಕೊಂಡೇ ಕೇಳಿದಳು: "ದಿನಾ ಬೆಳಿಗ್ಗೆ ಬಾಬ್‌ನ ತಲೆ ತುರಿಸಿಯೇ ಅಲ್ವಾ ನೀವು ಕರೆಯಲಿಕ್ಕೆ ಕೂತುಕೊಳ್ತಿದ್ದದ್ದು?"

ಹೌದು. ತುರಿಸದಿದ್ದರೆ ಅವನು ನನ್ನನ್ನು ಕೂರಲು ಬಿಡುತ್ತಿರಲಿಲ್ಲ. ಮೂಲೆಯಲ್ಲಿ ಕಟ್ಟಿದ ಮೇಲೂ ಮೊದಲು ಅಲ್ಲಿಗೆ ಹೋಗಿ ತುರಿಸಿಯೇ ಬರುತ್ತಿದ್ದೆ. ಹೋತದ ವಾಸನೆ ಹೆಚ್ಚಾಗಿ ಇರುವುದೇ ಕೊಂಬಿನ ಬುಡದಲ್ಲಿ, ಬರೇ ನೀರಿಗೆ ಅದು ಹೋಗುವುದಿಲ್ಲ ಎಂದು ಡಾಕ್ಟ್ರಮ್ಮ ಆಮೇಲೆ ಹೇಳಿದರು. ಕೈ ತೊಳೆಯದೆ ಲ್ಯಾಬ್ ಬಿಟ್ಟು ಹೋಗಬೇಡಿ ಎಂದು ಹುಡುಗರಿಗೆ ಬೊಬ್ಬೆ ಹಾಕುತ್ತಿದ್ದವನು ನಾನು. ಪಾತ್ರೆ, ಸೊಪ್ಪು, ಕೆಚ್ಚಲು, ಎಲ್ಲವನ್ನೂ ಪರೀಕ್ಷಿಸಿದ್ದೆ. ಒಂದು ಸೋಪಿನ ತುಂಡು ಸಾಕಿತ್ತು. ಬಾಬ್ ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ಕೂಡಲೇ ಪಿಕಪ್‌ನವನಿಗೆ ಫೋನ್ ಮಾಡಿದೆ. ಹೋತವನ್ನು ವಾಪಸು ತರಲು ನಾಳೆಯೇ ಬರುತ್ತೇನೆ ಎಂದೆ.

"ಅಯ್ಯೋ ಸಾರ್, ಅದು ಹೋದ ಆದಿತ್ಯವಾರವೇ ಆಯ್ತಲ್ಲ" ಎಂದ. "ಅಕ್ಕನ ಮಗಳ ಮದುವೆ ಇತ್ತು. ಮರುದಿನದ ಊಟಕ್ಕೆ..."

ಊಟ ಹೇಗಾಯಿತೆಂದು ಕೇಳಲು ನಾನು ಕಾಯುತ್ತಿದ್ದೇನೆ ಎಂದು ಅವನು ತಿಳಿದಿರಬೇಕು, ತಾನೇ ಮುಂದುವರಿಸಿದ: "ಬೇಜಾರು ಮಾಡ್ಬೇಡಿ ಸಾರ್, ಮಾಂಸ ಸ್ವಲ್ಪ ವಾಸನೆ ಬಂತು. ಹೋತ ಅಲ್ವಾ. ನೆಂಟರೆಲ್ಲ ಹೇಳಿದರು."

ಲಿಲ್ಲಿ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ನಾನು, "ಕ್ಷಮಿಸಿ" ಎಂದೆ.

"ಪರವಾಗಿಲ್ಲ ಬಿಡಿ ಸಾರ್" ಎಂದು ಅವನು ನನ್ನನ್ನು ಕ್ಷಮಿಸಿಬಿಟ್ಟ.